ಫ್ಲೈ ಎಂಬ ಮಾತೂ ಅಕ್ಕನ ಬಲಗೈಯೂ

ಚಳ್ಳಕೆರೆಯಲ್ಲಿ ಹೊಸ ಬಗೆಯ ಮಗ್ಗ ತೋರಿಸುತ್ತಾರೆ ಎಂಬ ಸುದ್ದಿ ಮೊಳಕಾಲ್ಮೂರಿನ ನಮ್ಮ ಬೀದಿಗೆ ಬಂದಾಗ ಯಾರೂ ತಲೆ ಎತ್ತಲಿಲ್ಲ. ರೇಷ್ಮೆಯ ಉದ್ದೆಳೆಗಳ ಹಾಸು ಮಗ್ಗದ ಮೇಲಿರುವಾಗ ಎದ್ದು ಹೋಗುವ ನೇಕಾರ ನಮ್ಮಲ್ಲಿಲ್ಲ. ನನ್ನ ಮಗ್ಗ ಆಗತಾನೇ ಖಾಲಿಯಾಗಿತ್ತು. ಔಡಲ ಹೇರಿದ ಗಾಡಿಯೊಂದು ಆ ಕಡೆ ಹೊರಟಿತ್ತು, ಮೂಟೆಗಳ ಮೇಲೆ ಹತ್ತಿ ಕುಳಿತೆ. ಬಿ.ಜಿ. ಕೆರೆಯಲ್ಲಿ ಎತ್ತು ಬಿಚ್ಚಿ, ಬುತ್ತಿ ತಿಂದು, ಮರುದಿನ ಚಳ್ಳಕೆರೆ ಮುಟ್ಟಿದೆ.

ಊರ ಹೊರಗೆ ಡೇರೆ ಹಾಕಿದ್ದರು. ಸರ್ಕಾರದ ಕಡೆಯಿಂದ ಊರೂರು ಸುತ್ತುವ ತಂಡ. ಅದರ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಕೋಟು, ಪಂಚೆ, ಬರಿಗಾಲು. ಡೇರೆಯೊಳಗಿನ ಮಗ್ಗ ನೋಡಲು ನಮ್ಮ ಗುಂಡಿ ಮಗ್ಗದಂತೆಯೇ ಇತ್ತು. ವ್ಯತ್ಯಾಸವಿದ್ದದ್ದು ಎಳೆ ಬಡಿಯುವ ಹಣಿಗೆ ಕೂರಿಸುವ ಹಲಗೆಯಲ್ಲಿ. ಆ ಹಲಗೆಯ ಎರಡೂ ತುದಿಗೆ ಉದ್ದನೆಯ ಮರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಜಾರಾಡುವ ಎಮ್ಮೆ ಚರ್ಮದ ಗಟ್ಟಿ ತುಂಡು. ಎರಡೂ ತುಂಡುಗಳಿಗೆ ಕಟ್ಟಿದ ಹಗ್ಗ ನೇಕಾರನ ಎದೆಯ ಮುಂದೆ ಒಂದು ಹಿಡಿಯಲ್ಲಿ ಕೂಡುತ್ತಿತ್ತು. ಹಿಡಿ ಜಗ್ಗಿದರೆ ಚರ್ಮದ ತುಂಡು ಲಾಳಿಯ ಬೆನ್ನಿಗೆ ಗುದ್ದುತ್ತದೆ. ಲಾಳಿ ಹಾಸಿನ ಎಳೆಗಳ ನಡುವೆ ತೆರೆದ ಬಾಯೊಳಗೆ ಓಡಿ ಆಚೆಯ ಪೆಟ್ಟಿಗೆ ಸೇರುತ್ತದೆ. ಲಾಳಿಯ ಎರಡೂ ಮೂತಿಗೆ ಉಕ್ಕು ಹೊದಿಸಿದ್ದರು.

ಮೇಷ್ಟ್ರು ಕೂತು ಜಗ್ಗಿದರು. ನನ್ನ ಪಕ್ಕದಲ್ಲಿದ್ದ, ಕಂಬಳಿ ನೇಯುವ ಮುದುಕರೊಬ್ಬರು ಬಾಯಿಬಿಟ್ಟುಕೊಂಡು ನೋಡಿ, "ಲೇ, ಲಾಳಿ ಎಲ್ಲೈತೆ ಅಂತ ಹುಡುಕೋದ್ರೊಳಗೆ ಅತ್ಲಾಗೆ ಹೋಗಿ ಕುಂತೈತಲ್ಲೋ!" ಎಂದರು. ನನಗೆ ನಗು ಬರಲಿಲ್ಲ. ಹುಟ್ಟಿದಾಗಿನಿಂದ ಲಾಳಿಯನ್ನು ಕೈಯಿಂದ ಕೈಗೆ ಕೊಡುವುದನ್ನು ಮಾತ್ರ ಕಂಡವನು ನಾನು.

ಅದರ ಹೆಸರು ಫ್ಲೈ ಶಟ್ಲ್ ಎಂದರು. ಶಟ್ಲ್ ಎಂದರೆ ಲಾಳಿ ಎಂದು ತಿಳಿಯಿತು. ಫ್ಲೈ ಎಂದರೇನು? ನಾನು ಕೂಲಿಮಠದಲ್ಲಿ ಮಗ್ಗಿ ಮುಗಿಯುವತನಕ ಮಾತ್ರ ಓದಿದವನು. ಮಧ್ಯಾಹ್ನ ಮೇಷ್ಟ್ರು ಊಟಕ್ಕೆ ಕೂತಾಗ ಹೋಗಿ ಕೇಳಿದೆ.

"ಹಾರು ಅಂತ ಅರ್ಥ ಕಣಪ್ಪ" ಎಂದರು. ಅಷ್ಟರಲ್ಲಿ ಅನ್ನದ ಮೇಲೆ ನೊಣ ಕೂತಿತು. ಅದನ್ನು ಓಡಿಸುತ್ತಾ, "ಇದಕ್ಕೂ ಫ್ಲೈ ಅಂತಾರೆ" ಎಂದರು. ಆಮೇಲೆ ಅವರಿಗೇ ಹುರುಪು ಬಂತು. ತಲೆಯ ಮೇಲೆ ಡೇರೆಗೆ ಹೊದಿಸಿದ್ದ ಹೊರಬಟ್ಟೆ ತೋರಿಸಿ, ಅದೂ ಫ್ಲೈ ಎಂದರು. ಇಂಗ್ಲಿಷರ ಶೀಮೆಯಲ್ಲಿ ಬಾಡಿಗೆಗೆ ಸಿಗುವ ಒಂಟಿ ಕುದುರೆಯ ಗಾಡಿಗೂ ಅದೇ ಹೆಸರಂತೆ, ಬೇಗ ಓಡುತ್ತದೆಂದು. ಹಳೆಯ ಬರಹಗಳಲ್ಲಿ ಹೆದರಿ ಓಡಿಹೋಗುವುದಕ್ಕೂ ಆ ಮಾತನ್ನೇ ಹಾಕುತ್ತಾರಂತೆ.

"ಇಷ್ಟಕ್ಕೆಲ್ಲ ಒಂದೇ ಮಾತು ಹೆಂಗೆ ಬಂತು ಸ್ವಾಮಿ?"

"ಬೇರು ಒಂದೇ. ಜರ್ಮನಿ ಕಡೆಯಿಂದ ಶೀಮೆಗೆ ಬಂದ ಜನ ತಂದ ಮಾತು. ಮೊದಲು ಹಾರೋದು, ಹಾರುತ್ತೆ ಅಂತ ನೊಣಕ್ಕೆ ಆ ಹೆಸರು. ಅದಕ್ಕಿಂತ ಹಿಂದೆ ತೇಲೋದು, ಹರಿಯೋದು ಅನ್ನೋ ಅರ್ಥ ಇತ್ತು ಅಂತಾರೆ. ನಮ್ಮ ಪ್ಲವ ಸಂವತ್ಸರ ಇದೆಯಲ್ಲ? ತೇಲೋದು ಅನ್ನೋ ಆ ಪ್ಲವಕ್ಕೂ ಈ ಫ್ಲೈಗೂ ಒಂದೇ ಬೇರು ಅಂತ ನನಗೆ ಕಲಿಸಿದ ಪಂಡಿತರು ಹೇಳ್ತಿದ್ರು."

ಪಂಚಾಂಗದಲ್ಲಿರುವ ಮಾತು, ಅನ್ನದ ಮೇಲಿನ ನೊಣ, ಮೇಷ್ಟ್ರ ಲಾಳಿ, ಎಲ್ಲ ಒಂದೇ ಕುಲದವು! ಆ ಮಾತನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ ಗಟ್ಟಿಮಾಡಿಕೊಂಡೆ.

ತಂಡ ಇನ್ನು ಕೆಲವು ದಿನಕ್ಕೆ ಮೊಳಕಾಲ್ಮೂರಿಗೆ ಬರುವುದಿತ್ತು. ಯಾರಾದರೂ ಒಬ್ಬರು ಮುಂಚೆಯೇ ತಮ್ಮ ಮಗ್ಗಕ್ಕೆ ಇದನ್ನು ಜೋಡಿಸಿ, ಬೀದಿಯವರ ಮುಂದೆ ನೇಯ್ದು ತೋರಿಸಿದರೆ ಸಾಮಾನನ್ನು ಅವರ ಬಳಿಯೇ ಬಿಡುವುದಾಗಿ ಮೇಷ್ಟ್ರು ಹೇಳಿದರು. ನಾನು ಒಪ್ಪಿಕೊಂಡೆ. ಗಾಡಿಗೆ ಸಾಮಾನು ಏರಿಸುವಾಗ ಅವರು ಜೋಡಣೆಯ ಕ್ರಮವನ್ನೆಲ್ಲ ಮತ್ತೊಮ್ಮೆ ಹೇಳಿದರು. ಪೆಟ್ಟಿಗೆಯ ತಳವೂ ಲಾಳಿ ಓಡುವ ಓಟದ ಹಲಗೆಯೂ ಒಂದೇ ಮಟ್ಟ ಇರಬೇಕು. ಹಾಸು ಸಡಿಲವಿದ್ದರೆ ಎಳೆಗಳು ಲಾಳಿಯನ್ನು ಮೇಲೆತ್ತಿ ಎಸೆಯುತ್ತವೆ. ಕೊನೆಗೆ ನನ್ನ ಭುಜ ಹಿಡಿದು ಹೇಳಿದರು:

"ಲಾಳಿ ಓಡೋವಾಗ ಪೆಟ್ಟಿಗೆ ಹತ್ರ ಯಾರೂ ಇರಬಾರದು. ನಿಮ್ಮಲ್ಲಿ ಅಂಚಿಗೆ ಒಬ್ಬರು ಕೂರ್ತಾರಲ್ಲ, ಅವರಿಗೆ ಮೊದಲು ಹೇಳು. ಕೈಗೆ ರೂಢಿ ಇರುತ್ತೆ, ಮನಸ್ಸಿಗಿಂತ ಮುಂಚೆ ಹೋಗುತ್ತೆ."

"ಹೇಳ್ತೀನಿ ಸ್ವಾಮಿ" ಎಂದೆ.

ನಮ್ಮಲ್ಲಿ ಅಂಚಿಗೆ ಕೂರುತ್ತಿದ್ದವಳು ಅಕ್ಕ. ನಮ್ಮ ಸೀರೆಯ ಮೈಗೊಂದು ಬಣ್ಣ, ಅಂಚಿಗೆ ಇನ್ನೊಂದು. ಎರಡನ್ನೂ ಸಾಲು ಸಾಲಿಗೂ ಬೆಸೆಯಬೇಕು. ಅದಕ್ಕೆ ಮೂರು ಲಾಳಿ ಬೇಕು, ಎರಡು ಜನ ಬೇಕು. ಎಡ ಅಂಚೂ ಮೈಯೂ ನೇಕಾರನವು. ಬಲ ಅಂಚು ಪಕ್ಕದಲ್ಲಿ ಕೂತವರದು. ನಾನು ತುಳಿಗೋಲು ಒತ್ತಿ "ಹ್ಞಾ" ಎಂದರೆ ಅಕ್ಕನ ಕೈ ಹಾಸಿನ ಬಾಯಿಗೆ ಬರುತ್ತಿತ್ತು, ನನ್ನ ಎಳೆಯನ್ನು ತನ್ನ ಎಳೆಗೆ ಕೊಕ್ಕೆ ಹಾಕಿ ತನ್ನ ಲಾಳಿಯನ್ನು ಹಿಂದಕ್ಕೆ ಒಯ್ಯುತ್ತಿತ್ತು. ಗಂಡ ಸತ್ತು ಮನೆಗೆ ಮರಳಿದ ವರ್ಷದಿಂದ ಅವಳು ಅಲ್ಲೇ ಕೂರುತ್ತಿದ್ದಳು. ಅಪ್ಪ ಅವ್ವ ಪ್ಲೇಗಿನಲ್ಲಿ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಮದುವೆ ಮನೆಗೆ ಕರೆಯದವರೂ ಅಂಚಿನ ಬೆಸುಗೆ ಕೆಟ್ಟಾಗ ಅವಳನ್ನು ಕರೆದೊಯ್ಯುತ್ತಿದ್ದರು. ಮಗ್ಗದ ಬಲಗಡೆ ಅವಳ ಕಾಲಿಗೆಂದೇ ತೋಡಿದ್ದ ಚಿಕ್ಕ ಗುಂಡಿಯೇ ಈ ಲೋಕದಲ್ಲಿ ಅವಳ ಜಾಗ.

ಗಾಡಿಯಿಂದ ಇಳಿಸಿದ ಸಾಮಾನನ್ನು ಅವಳು ಸುತ್ತಿ ಸುತ್ತಿ ನೋಡಿದಳು.

"ಒಬ್ಬನೇ ನೇಯಬೌದಾ ಇದ್ರಲ್ಲಿ?"

"ಹ್ಞೂ ಅಕ್ಕಾ. ಅಂಚಿಗೂ ಮೈಗೂ ಒಂದೇ ಬಣ್ಣ ಇಟ್ರೆ ಒಂದೇ ಲಾಳಿ ಸಾಕು. ಎಷ್ಟು ಬೇಗ ಗೊತ್ತಾ!"

"ನಾನು?"

"ನೀನು ಲಾಳಿಗೆ ನೂಲಿನ ಕಂಡಿಕೆ ಸುತ್ತು. ಆರಾಮಾಗಿರು."

"ಕಂಡಿಕೆ ಹಾಲುಹಲ್ಲಿನ ಮಕ್ಕಳೂ ಸುತ್ತುತಾವೆ ಕಣೋ" ಎಂದು ಒಳಗೆ ಹೋದಳು.

ಅಲ್ಲೇ ನಿಲ್ಲಿಸಿ ಮಾತಾಡಬೇಕಿತ್ತು. ಬದಲಿಗೆ ಬೀದಿಗೆ ಹೋದೆ. ಜಗಲಿ ಜಗಲಿಗೂ ಕೂತು ಫ್ಲೈ ಎಂಬ ಮಾತಿನ ವಂಶಾವಳಿ ಹೇಳಿದೆ. ನಮ್ಮ ಮನೆಮಾತು ತೆಲುಗು, ಬೀದಿಯ ಕನ್ನಡದಲ್ಲೂ ಅದು ನುಸುಳುತ್ತದೆ. ಎದುರುಮನೆಯ ನೇಕಾರ ನನಗಿಂತ ಹಿರಿಯ, ಬಾಯಿ ಜೋರು. "ಏಮಿರಾ, ಚಳ್ಳಕೆರೆಗೆ ಹೋಗಿ ನೊಣ ಹಿಡ್ಕೊಂಡು ಬಂದಿದೀಯಂತೆ? ನಮ್ಮನೇಲಿ ಬೇಕಾದಷ್ಟು ಅವೆ, ಕೇಳಿದ್ರೆ ಕೊಡ್ತಿದ್ದೆ" ಎಂದ. ಎಲ್ಲರೂ ನಕ್ಕರು. ನಾನು ಪ್ಲವ ಸಂವತ್ಸರ ಎತ್ತಿದೆ. ಬೀದಿಯ ಯಜಮಾನರು, ಎಲ್ಲರೂ ಪೆದ್ದಯ್ಯ ಎನ್ನುತ್ತಿದ್ದ ಹಿರಿಯರು, "ಸಂವತ್ಸರ ಇರಲಿ ಅಬ್ಬಾಯಿ. ಬಟ್ಟೆ ತೋರಿಸು" ಎಂದರು.

ಒಂದು ಮಾತಿನ ಅರ್ಥಗಳನ್ನೆಲ್ಲ ಇಡೀ ಬೀದಿಗೆ ಹಂಚಿದೆ. ಮೇಷ್ಟ್ರು ಅಕ್ಕನಿಗೆ ಹೇಳು ಎಂದ ಮಾತನ್ನು ಅಕ್ಕನಿಗೆ ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಪೆಟ್ಟಿಗೆ ಹತ್ತಿರ ಬರಬೇಡ ಎಂದರೆ ಮಗ್ಗದ ಹತ್ತಿರ ಬರಬೇಡ ಎಂದ ಹಾಗಾಗುತ್ತಿತ್ತು. ಅವಳ ಮುಖ ನೋಡಿಕೊಂಡು ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಜೋಡಣೆ ಸುಲಭವಾಗಲಿಲ್ಲ. ಮೊದಲ ದಿನ ಲಾಳಿ ಪೆಟ್ಟಿಗೆ ಸೇರದೆ ಹಾಸಿನ ನಡುವೆಯೇ ನಿಂತಿತು. ಹಗ್ಗ ಗಿಡ್ಡ ಮಾಡಿದೆ. ಈ ಸಲ ಪೆಟ್ಟಿಗೆಯ ಗೋಡೆಗೆ ಬಡಿದು ವಾಪಸು ಚಿಮ್ಮಿತು. ರೇಷ್ಮೆ ಎಳೆಗಳು ಓಟದ ಹಲಗೆಗೆ ಉಜ್ಜಿ ನೂಲುನೂಲಾದವು. ಹಲಗೆಯನ್ನು ಹುಣಸೆಬೀಜದ ಹಾಗೆ ನುಣುಪಾಗುವತನಕ ತಿಕ್ಕಿದೆ. ಆದರೂ ಲಾಳಿ ಬಲಗಡೆಗೆ ಹೋಗುವಾಗ ಒಂದು ಸಣ್ಣ ಕುಪ್ಪಳಿಕೆ. ಕಾರಣ ಸಿಗದೆ ತಲೆ ಹಿಡಿದು ಕೂತಿದ್ದಾಗ ಅಕ್ಕ ಬಂದು, ತನ್ನ ಹಳೆಯ ಜಾಗದಲ್ಲಿ ಕೂತು, ಹಲಗೆಯ ಮೇಲೆ ಕಣ್ಣು ಮಟ್ಟಮಾಡಿ ನೋಡಿದಳು.

"ಬಲಗಡೆ ಪೆಟ್ಟಿಗೆ ಉಗುರಿನಷ್ಟು ತಗ್ಗೈತೆ."

ಬಟ್ಟೆ ಮಡಿಸಿ ಪೆಟ್ಟಿಗೆಯ ಕೆಳಗೆ ಒತ್ತುಕೊಟ್ಟಳು. ಅವಳು ಎದ್ದು ಹೋದ ಮೇಲೆ ಜಗ್ಗಿ ನೋಡಿದೆ. ಲಾಳಿ ಎಣ್ಣೆಯ ಮೇಲೆ ಜಾರಿದಂತೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಅಕ್ಕ, "ಓಡ್ತು ನೋಡು" ಎಂದಳು. ತನ್ನ ಜಾಗ ಕಸಿಯುವ ಸಾಮಾನನ್ನು ತಾನೇ ಸರಿಮಾಡಿಕೊಟ್ಟಿದ್ದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ತಂಡ ಬಂತು. ಬೆಳಗ್ಗೆಯೇ ನಮ್ಮ ಪಡಸಾಲೆ ತುಂಬಿತು. ಮೇಷ್ಟ್ರು ಪೆಟ್ಟಿಗೆ, ಹಗ್ಗ, ಹಾಸಿನ ಬಿಗಿ ಎಲ್ಲ ಮುಟ್ಟಿ ನೋಡಿ, "ಭೇಷ್, ಕೂತ್ಕೋ" ಎಂದರು. ಕೂತು ಜಗ್ಗಿದೆ. ಬಟ್ಟೆ ನೋಡನೋಡುತ್ತಿದ್ದಂತೆ ಬೆಳೆಯಿತು. ಪೆದ್ದಯ್ಯ ಬಗ್ಗಿ ಬಟ್ಟೆಯನ್ನು ಬೆರಳಿನಿಂದ ತಡವಿ, ಮೇಷ್ಟ್ರನ್ನು ಪಕ್ಕಕ್ಕೆ ಕರೆದುಕೊಂಡು ಏನೋ ಕೇಳತೊಡಗಿದರು.

ಆಗ ಬಲ ತುದಿಯಲ್ಲಿ ಎಳೆಯೊಂದು ಕಡಿಯಿತು. ಕಡಿದ ಎಳೆ ಕೂಡಿಸುವುದು ನಮ್ಮಲ್ಲಿ ಪಕ್ಕದವರ ಕೆಲಸ. ಅಕ್ಕ ಜನರ ನಡುವೆ ದಾರಿ ಮಾಡಿಕೊಂಡು ಬಂದು ತನ್ನ ಗುಂಡಿಯಲ್ಲಿ ಕಾಲಿಟ್ಟು ಕೂತಳು. ಎಳೆ ಹುಡುಕಿ, ನಾಲಿಗೆಗೆ ಸೋಕಿಸಿ, ಹೊಸೆದು ಗಂಟು ಹಾಕಿದಳು. ಸ್ವಲ್ಪ ತಡವಾಯಿತು. ಎದುರುಮನೆಯವನು ಕಾಯುತ್ತಿದ್ದ.

"ಏಮಿರಾ, ನಿನ್ನ ನೊಣ ಸತ್ತೋಯ್ತಾ?"

ಪಡಸಾಲೆ ಎಲ್ಲ ನಕ್ಕಿತು. ಅಕ್ಕ ಇನ್ನೂ ಎದ್ದಿರಲಿಲ್ಲ. ಅದು ನನಗೆ ಕಾಣುತ್ತಿತ್ತು. ತುಳಿಗೋಲು ಒತ್ತಿದೆ. ಹಾಸು ಬಾಯಿ ತೆರೆಯಿತು. ನನ್ನ ಗಂಟಲಿನಿಂದ "ಹ್ಞಾ" ಹೊರಟಿತು, ಕೈ ಹಿಡಿಯನ್ನು ಜಗ್ಗಿತು.

ನಾನು ಕರೆದೆ, ಅವಳ ಕೈ ಬಂತು. ವರ್ಷಾನುಗಟ್ಟಲೆ ಹೇಗೆ ಬರುತ್ತಿತ್ತೋ ಹಾಗೆಯೇ.

ಒಣಗಿದ ಕಡ್ಡಿ ಮುರಿದಂತಹ ಸದ್ದು. ಲಾಳಿ ಅವಳ ಕೈಗೆ ಬಡಿದು ಮೇಲೆ ಚಿಮ್ಮಿ ಜನರ ಕಾಲ ಬುಡದಲ್ಲಿ ಬಿತ್ತು. ಕಂಡಿಕೆ ಬಿಚ್ಚಿಕೊಂಡು ಉರುಳಿತು. ಅಕ್ಕ ಕೂಗಲಿಲ್ಲ. ತನ್ನ ಬಲಗೈಯನ್ನು ಬೇರೆ ಯಾರದೋ ವಸ್ತುವಿನ ಹಾಗೆ ನೋಡುತ್ತಿದ್ದಳು. ಹೆಬ್ಬೆರಳು ತಿರುಗಿ ನಿಂತಿತ್ತು, ಪಕ್ಕದ ಬೆರಳುಗಳು ಬಾಗಬಾರದ ಕಡೆಗೆ ಬಾಗಿದ್ದವು. ರಕ್ತ ತಡವಾಗಿ ಬಂತು. ರೇಷ್ಮೆಗೆ ತಗಲದಿರಲೆಂದು ಆ ಕೈಯನ್ನು ಅವಳೇ ಎಡಗೈಯಿಂದ ಎತ್ತಿ ದೂರ ಹಿಡಿದಳು.

ಮೇಷ್ಟ್ರು ಓಡಿಬಂದರು. "ಅಲ್ಲಿ ಯಾಕೆ ಕೂರಿಸಿದೆ ಅವರನ್ನ? ಹೇಳಿರಲಿಲ್ವಾ ನಾನು?"

"ಹೇಳಿದ್ದೆ ಸ್ವಾಮಿ" ಎಂದೆ. "ಅವಳೇ ಕೈ ಹಾಕಿದಳು."

ಆ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ಕೇಳಿ ನನಗೇ ದಿಗಿಲಾಯಿತು. ಅಕ್ಕ ತಲೆ ಎತ್ತಿ ನನ್ನನ್ನು ನೋಡಿದಳು. ನಗುವಿನ ಗದ್ದಲದಲ್ಲಿ ನನ್ನ ಕರೆ ಬೇರೆ ಯಾರಿಗೂ ಕೇಳಿಸಿರಲಿಲ್ಲ.

ಮೂಳೆ ಕಟ್ಟುವವರು ಬಂದು ಬೆರಳು ಎಳೆದು ಕೂರಿಸಿ, ಬಿದಿರು ಸೀಳಿಟ್ಟು ಕಟ್ಟಿದರು. ಹೆಬ್ಬೆರಳು ಇನ್ನು ಮಡಿಸುವುದು ಕಷ್ಟ ಎಂದು ನನ್ನ ಕಿವಿಯಲ್ಲಿ ಹೇಳಿ ಹೋದರು. ಪಡಸಾಲೆಯಲ್ಲಿ ಆಗಲೇ ಮಾತು ಬೆಳೆದಿತ್ತು. ಗಂಡ ಸತ್ತವಳು ಹೊಸ ಮಗ್ಗದ ಎದುರು ಕೂತರೆ ಇನ್ನೇನಾದೀತು ಎಂದು ಒಬ್ಬರು. ತನ್ನ ಜಾಗ ಹೋಗುತ್ತದೆಂಬ ಹೊಟ್ಟೆಕಿಚ್ಚಿಗೆ ಬೇಕೆಂದೇ ಅಡ್ಡ ಕೈ ಹಾಕಿದಳು ಎಂದು ಇನ್ನೊಬ್ಬರು. ಪೆದ್ದಯ್ಯ ನನ್ನನ್ನು ಕರೆದು, "ಅಮ್ಮಾಯಿನ ಇನ್ಮೇಲೆ ಮಗ್ಗದ ಹತ್ರ ಬಿಡಬೇಡ. ಬೇರೆಯವರ ಮಗ್ಗಕ್ಕೂ ಬೇಡ" ಎಂದರು. ತಲೆಯಾಡಿಸಿದೆ. ಮೇಷ್ಟ್ರು ಮಾತು ಕೊಟ್ಟಂತೆ ಸಾಮಾನನ್ನು ನನ್ನ ಬಳಿ ಬಿಟ್ಟು ಹೋದರು. ಹೋಗುವಾಗ ನನ್ನ ಕಡೆ ನೋಡಲಿಲ್ಲ.

ಆಮೇಲೆ ಒಬ್ಬನೇ ನೇಯತೊಡಗಿದೆ. ಅಕ್ಕ ಅಡಿಗೆ ಒಲೆಯ ಹತ್ತಿರವೇ ಇರುತ್ತಿದ್ದಳು. ಬೀದಿಯಲ್ಲಿ ಆ ಇಂಗ್ಲಿಷ್ ಮಾತಿಗೆ ಮೇಷ್ಟ್ರಿಗೆ ಗೊತ್ತಿಲ್ಲದ ಹೊಸ ಅರ್ಥವೊಂದು ಹುಟ್ಟಿತ್ತು. ಮಡಕೆ ಒಡೆದರೆ, ಎತ್ತಿನ ಕಾಲು ಮುರಿದರೆ, "ಫ್ಲೈ ಆಯ್ತು" ಎನ್ನುತ್ತಿದ್ದರು. ಸುಣ್ಣದ ಡಬ್ಬಿ ಕೈಜಾರಿ ಬಿದ್ದಾಗ ಅಕ್ಕನ ವಯಸ್ಸಿನ ಹೆಂಗಸೊಬ್ಬಳು ನಗುತ್ತಾ ಹಾಗೆಂದದ್ದನ್ನು ಮೊದಲ ಸಲ ಕೇಳಿದಾಗ ನಾನು ಬಂದ ದಾರಿಯಲ್ಲೇ ಹಿಂದಿರುಗಿದೆ. ಆ ಮಾತನ್ನು ಬೀದಿಗೆ ತಂದವನು ನಾನೇ.

ಒಂದು ಮಧ್ಯಾಹ್ನ ನೇಯುತ್ತಿದ್ದಾಗ ನೀರು ಕೇಳಲು ಬಂದ ಬಳೆಗಾರ ಬಾಗಿಲಲ್ಲಿ ನಿಂತು, "ಯಾರನ್ನ ಕರೀತಿದೀಯಪ್ಪ?" ಎಂದ. ಯಾರನ್ನೂ ಇಲ್ಲ ಎಂದೆ. "ಮತ್ತೆ ಹ್ಞಾ ಹ್ಞಾ ಅಂತಿದೀಯ?" ಹಿಡಿ ಕೈಯಿಂದ ಬಿಟ್ಟುಹೋಯಿತು. ಪ್ರತಿ ಸಾಲಿಗೂ ಕರೆಯುತ್ತಲೇ ಇದ್ದೆ, ನನಗೆ ಕೇಳಿಸಿರಲಿಲ್ಲ. ಮಗ್ಗದ ಪಡಸಾಲೆಗೂ ಒಲೆಗೂ ನಡುವೆ ಇರುವುದು ತಡಿಕೆಯ ಗೋಡೆ. ಅಕ್ಕ ದಿನವಿಡೀ ಅದನ್ನು ಕೇಳಿಕೊಂಡು ಕೂತಿದ್ದಳು.

ಎದ್ದು ಹೋಗಿ ಅವಳ ಮುಂದೆ ಕೂತೆ. "ಅಕ್ಕಾ, ಅವತ್ತು ನಾನೇ ಕರೆದೆ."

ಅವಳು ಒಲೆಗೆ ಕಡ್ಡಿ ಒತ್ತುತ್ತಿದ್ದಳು. "ನಾನೇನು ಕಿವುಡೀನಾ?"

"ಪೆಟ್ಟಿಗೆ ಹತ್ರ ಕೂರಬಾರದು ಅಂತ ಮೇಷ್ಟ್ರು ಮೊದಲೇ ಹೇಳಿದ್ರು. ನಾನು ನಿನಗೆ ಹೇಳ್ಲಿಲ್ಲ."

ಇದು ಅವಳಿಗೆ ಗೊತ್ತಿರಲಿಲ್ಲ. ಕಡ್ಡಿ ಕೈಯಲ್ಲೇ ಉರಿಯಿತು. ಅದನ್ನು ಒಲೆಗೆ ತಳ್ಳಿ, "ನನ್ನ ಹತ್ರ ಯಾಕೆ ಅಳ್ತೀಯ? ನಾನು ಯಾರಿಗೂ ಸುಳ್ಳು ಹೇಳಿಲ್ಲ. ಯಾರಿಗೆ ಹೇಳಿದ್ಯೋ ಅಲ್ಲಿಗೆ ಹೋಗು" ಎಂದಳು.

ಹೋಗಲಿಲ್ಲ. ಅದರ ಬದಲು ಗುದ್ದಲಿ ತಂದು ಮಗ್ಗದ ಎಡಗಡೆ ನೆಲ ಅಗೆಯಲು ಶುರುಮಾಡಿದೆ. ಬಲಗೈ ಹೋದರೇನು, ಎಡಗೈಯಲ್ಲಿ ಎಡ ಅಂಚು ನೇಯಲಿ. ಫ್ಲೈ ಸಾಮಾನು ಬಿಚ್ಚಿಡುತ್ತೇನೆ. ಮತ್ತೆ ಮೂರು ಲಾಳಿಯ ಸೀರೆ ಹಿಡಿಯೋಣ. ಹೀಗೆಲ್ಲ ಲೆಕ್ಕ ಹಾಕಿಕೊಂಡು ಅವಳ ಕಾಲಿಗೆ ಸರಿಯಾಗುವಂತೆ ಗುಂಡಿ ತೋಡಿ, ಸಗಣಿ ಸಾರಿಸಿ, ಅಂಚಿಗೆ ಕಲ್ಲು ಕೂರಿಸಿದೆ. ಅಕ್ಕ ಬಂದು ನೋಡಿದಳು.

"ಗುಂಡಿ ತೋಡೋಕೆ ಬರುತ್ತೆ, ಬಾಯಿ ಬಿಡೋಕೆ ಬರಲ್ಲ" ಎಂದಳು.

ಮಾರನೆಯ ದಿನ ಪೆದ್ದಯ್ಯನವರ ಹಾಸಿನ ಎಳೆಗಳು ಗಟ್ಟಿಯಾಗಲೆಂದು ಗಂಜಿ ಕೊಡುವ ಕೆಲಸವಿತ್ತು. ಬೀದಿಯುದ್ದಕ್ಕೂ ಹಾಸನ್ನು ಬಿಗಿದು ಕಟ್ಟಿ, ಬಿಸಿಲೇರುವ ಮುಂಚೆ ಎಲ್ಲ ಮನೆಯವರೂ ಎರಡೂ ಕಡೆ ನಿಂತು ಎಳೆ ಬಿಡಿಸುತ್ತಾ ಗಂಜಿ ಸವರುತ್ತಾರೆ. ಒಬ್ಬರ ಮನೆಯ ಗಂಜಿ ಕೆಲಸಕ್ಕೆ ಎಲ್ಲರೂ ಬರಲೇಬೇಕು. ನಾನೂ ನಿಂತೆ. ನನ್ನ ಎದುರಿಗೆ ಎದುರುಮನೆಯವನು. ನಡುವೆ ಕೆಂಪು ರೇಷ್ಮೆ. ಗಂಜಿ ಒಣಗುವ ಮುಂಚೆ ಯಾರೂ ಕೈ ಬಿಟ್ಟು ಹೋಗುವಂತಿಲ್ಲ, ನಾನೂ ಹೋಗುವಂತಿಲ್ಲ. ಅದೇ ಸಮಯ ಎನ್ನಿಸಿತು.

"ಪೆದ್ದಯ್ಯಾ, ಅಕ್ಕ ತಾನಾಗಿ ಕೈ ಹಾಕಲಿಲ್ಲ. ಹ್ಞಾ ಅಂತ ನಾನು ಕರೆದೆ. ಪೆಟ್ಟಿಗೆ ಹತ್ರ ಇರಬಾರದು ಅಂತ ಮೇಷ್ಟ್ರು ಹೇಳಿದ್ದನ್ನ ಅವಳಿಗೆ ನಾನು ಹೇಳೇ ಇರಲಿಲ್ಲ. ಹೇಳಿದ್ದೆ ಅಂತ ಎಲ್ರ ಮುಂದೆ ಸುಳ್ಳು ಹೇಳಿದೆ."

ಯಾರ ಕೈಯೂ ನಿಲ್ಲಲಿಲ್ಲ. ನಿಲ್ಲಿಸಿದರೆ ಎಳೆ ಅಂಟಿಕೊಳ್ಳುತ್ತವೆ. ಮಾತು ಮಾತ್ರ ನಿಂತಿತು. ಎದುರುಮನೆಯವನು ಮುಖ ಕೆಳಗೆ ಹಾಕಿಕೊಂಡು, "ನಾನೂ ಆಡಿಕೊಂಡೆ. ಆದ್ರೆ ಕೂತವಳನ್ನ ನೋಡಿ ನೋಡಿ ಜಗ್ಗಿದ್ಯಲ್ಲೋ ನೀನು" ಎಂದ. ಸಾಲಿನ ಆ ತುದಿಯಿಂದ ಒಬ್ಬ ಹೆಂಗಸು ನನ್ನನ್ನು ಬೈಯತೊಡಗಿದಳು. ಆ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಪೆದ್ದಯ್ಯ ಗಂಜಿ ಸವರುತ್ತಾ ಹಾಸಿನ ಕೊನೆಯವರೆಗೂ ನಡೆದರು. ತಿರುಗಿ ಬಂದು, "ಅಂದ್ರೆ ಇಷ್ಟು ದಿನ ಆ ಕೂಸಿನ ಹೆಸರು ನಾನೇ ಕೆಡಿಸ್ದೆ" ಎಂದರು. ನನಗೆ ಹೇಳಲಿಲ್ಲ, ಮುಂದಿದ್ದ ಎಳೆಗಳಿಗೆ ಹೇಳಿದಂತಿತ್ತು. ಹಾಸು ಒಣಗಿ ಸುತ್ತಿದ ಮೇಲೆ ಕೈ ತೊಳೆದುಕೊಂಡು ನೆಟ್ಟಗೆ ನಮ್ಮ ಮನೆಗೆ ನಡೆದರು. ನಾನು ಹಿಂದೆ ಹೋದೆ. ಅಕ್ಕ ಹೊಸಿಲ ಬಳಿ ಎದ್ದು ನಿಂತಳು.

"ತಪ್ಪಾಯ್ತಮ್ಮಾ" ಎಂದರು ಆ ಮುದುಕರು. "ನನ್ನ ಸೊಸೆ ಹೆರಿಗೆಗೆ ಹೋಗ್ಯಾಳೆ. ಅಂಚಿಗೆ ಒಬ್ರು ಬೇಕು, ನಿನಗೆ ಎಡಗಡೆ ಗುಂಡಿ ತೋಡಿಸ್ತೀನಿ. ಎಡಗೈಲಿ ಆಗ್ತದಾ?"

"ಕಲಿತ್ರೆ ಆಗ್ತದೆ."

"ಸೀರೆ ತಡವಾದ್ರೆ ಆಗಲಿ. ನಾಳೆ ಹಾಸು ಏರಿಸ್ತೀವಿ, ಬಾ."

ಅವರು ಹೋದ ಮೇಲೆ ನಾನು ಮೆಲ್ಲಗೆ, "ಅಕ್ಕಾ, ನಮ್ಮ ಮಗ್ಗಕ್ಕೂ ಎಡಗಡೆ ಗುಂಡಿ ಐತಲ್ಲ" ಎಂದೆ.

"ಚೆನ್ನಾಗೇ ತೋಡಿದೀಯ" ಎಂದಳು. ಕೋಪವಿರಲಿಲ್ಲ ದನಿಯಲ್ಲಿ. "ನಿನ್ನ ಪಕ್ಕ ಕೂತ್ರೆ ನನ್ನ ಕೈ ನಡುಗುತ್ತೆ ಕಣೋ. ನಡುಗೋ ಕೈಲಿ ಅಂಚು ಕೂಡಲ್ಲ."

ಅವಳು ಸೆರಗು ಸಿಕ್ಕಿಸಿಕೊಂಡು ಒಲೆಯ ಕಡೆ ತಿರುಗಿದಳು.

"ಬೆಳಿಗ್ಗೇನೇ ಹೋಗ್ಬೇಕು. ನಾಳೆಯಿಂದ ಮುದ್ದೆ ನೀನೇ ತಿರುವ್ಕೋ. ಇಷ್ಟು ದಿನ ಒಂದೇ ಕೈಲಿ ತಿರುವಿದೀನಿ, ನೀನು ಕೂತು ಉಂಡೆ."

ಹಿಟ್ಟು ಬೆಂದ ಮಡಕೆಯನ್ನು ಒಂದು ಕೈ ಹಿಡಿದಿರಬೇಕು, ಇನ್ನೊಂದು ಕೈ ಕೋಲು ತಿರುವಬೇಕು. ಗಟ್ಟಿ ಕೈಯ ಗಂಡಸರಿಗೂ ಬೆವರು ಬರುವ ಕೆಲಸ. ಆಗ ಅವಳ ಕಾಲು ನೋಡಿದೆ. ಎರಡೂ ಪಾದಗಳ ಒಳಮಗ್ಗುಲಲ್ಲಿ, ಬಿಸಿ ಮಡಕೆಯನ್ನು ಒತ್ತಿ ಹಿಡಿದ ಕಡೆ, ಸುಟ್ಟ ಚರ್ಮ ಕಪ್ಪಗೆ ಸುಲಿದಿತ್ತು.